ಗುರುವಾರದ ಋಣ

ನಮ್ಮೂರಿನಲ್ಲಿ ಯಾರಾದರೂ ಕಾರು ಕೊಳ್ಳಲು ಹೊರಟರೆ ಮೊದಲು ಕೇಳುವುದು ಅದು ಲೀಟರಿಗೆ ಎಷ್ಟು ಓಡುತ್ತದೆ ಎಂದಲ್ಲ, ಅದರ ಋಣ ಎಲ್ಲಿಗೆ ಎಂದು. ಯಜಮಾನ ಸತ್ತ ಮೇಲೂ ಕಾರು ವಾರಕ್ಕೊಮ್ಮೆ, ಅವನು ರೂಢಿಯಲ್ಲಿ ಹೋಗುತ್ತಿದ್ದ ಜಾಗಕ್ಕೆ ಹೋಗಿಬರುತ್ತದೆ. ಹೊತ್ತಿಗೆ ಸರಿಯಾಗಿ ಎಂಜಿನ್ ತಾನೇ ಏಳುತ್ತದೆ. ಯಾರಾದರೂ ಸ್ಟೀರಿಂಗ್ ಮುಂದೆ ಸುಮ್ಮನೆ ಕೂತಿರಬೇಕು, ಅಷ್ಟೇ. ಆ ಹೊತ್ತಿನಲ್ಲಿ ಎಲ್ಲೇ ಇದ್ದರೂ ಅದು ಅತ್ತ ತಿರುಗುತ್ತದೆ. ತಡೆದು ನಿಲ್ಲಿಸಿದರೆ ಮತ್ತೆಂದೂ ಯಾರ ಕೈಗೂ ಏಳುವುದಿಲ್ಲ.

ಇದಕ್ಕೆಲ್ಲ ನಾವು ಒಗ್ಗಿಹೋಗಿದ್ದೇವೆ. ಸುಣ್ಣದ ಕಲ್ಲಿನ ಕಂಪನಿಯವರು ಕಾರಿರುವ ನೌಕರರಿಗೆ ವಾರಕ್ಕೆ ಅರ್ಧ ದಿನ ಋಣದ ರಜೆ ಕೊಡುತ್ತಾರೆ. ಪೋಸ್ಟ್ ಮಾಸ್ತರ್ ಗುರುಬಸಯ್ಯನವರು ಹೆಂಡದ ವಾಸನೆಯನ್ನೂ ಸಹಿಸದ ಮನುಷ್ಯ. ಅವರ ಕಾರು ಭಾನುವಾರ ಸಂಜೆ ಸೇಂದಿ ಅಂಗಡಿಯ ಮುಂದೆ ಹೋಗಿ ನಿಲ್ಲುತ್ತದೆ. ಅವರು ಒಳಗೇ ಕೂತು ನಿಂಬೆ ಸೋಡ ಕುಡಿಯುತ್ತಾ ಪೇಪರ್ ಓದಿ ಮುಗಿಸುತ್ತಾರೆ. ನಮ್ಮ ಡಾಕ್ಟರ ಕಾರು ಶನಿವಾರ ಕೆರೆ ಏರಿಯ ಕೆಳಗಿನ ಒಂದು ಮನೆಗೆ ಹೋಗುತ್ತದೆ. ಒಬ್ಬ ಹೆಂಗಸು ಜಗುಲಿಗೆ ಬಂದು ಕಾರನ್ನು ಒಂದಿಷ್ಟು ಹೊತ್ತು ನೋಡಿ ಒಳಗೆ ಹೋಗುತ್ತಾಳೆ. ಡಾಕ್ಟರ ಹೆಂಡತಿ ಮೊದಮೊದಲು ಗಂಡನ ಜೊತೆ ಮಾತು ಬಿಟ್ಟಿದ್ದರು. ಈಗ ಅವರೇ ಆ ಹೆಂಗಸಿಗೆ ಕೋಡುಬಳೆ ಡಬ್ಬಿ ಕಳಿಸುತ್ತಾರೆ.

ನಾನು ಸುಗುಣ. ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಪಾತ್ರೆ ಅಂಗಡಿ ಇದೆ. ಹಳೆಯ ಹಿತ್ತಾಳೆ ತಂದವರಿಗೆ ತೂಕ ಹಾಕಿ ಹೊಸ ಸ್ಟೀಲು ಕೊಡುವ ವ್ಯಾಪಾರ. ಅಲ್ಲಿ ಕಲಿತ ಚೌಕಾಸಿ ನನಗೆ ಊರಲ್ಲಿ ಒಂದು ಹೆಸರು ತಂದುಕೊಟ್ಟಿದೆ. ಸೀರೆ ಕೊಳ್ಳುವಾಗ, ಸೈಟು ನೋಡುವಾಗ, ಕಲ್ಯಾಣ ಮಂಟಪ ಗೊತ್ತು ಮಾಡುವಾಗ ಜನ ನನ್ನನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಹೀಗಿರುವಾಗ ನನ್ನ ಸ್ವಂತ ತಂಗಿ ಜಯಂತಿ ಕಾರು ಕೊಳ್ಳಬೇಕಾಗಿ ಬಂದರೆ ನಾನು ಮನೆಯಲ್ಲಿ ಕೂತಿರಲು ಆಗುತ್ತದೆಯೇ?

ಜಯಂತಿಗೆ ಕಾರು ಬೇಕಾದದ್ದು ಷೋಕಿಗಲ್ಲ. ಅವಳ ಗಂಡ ಚಿದಾನಂದ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರ್. ಆರಡಿ ಆಳು, ಮಕ್ಕಳ ಜೊತೆ ತಾನೂ ಮೈದಾನ ಸುತ್ತುತ್ತಿದ್ದವನು. ಎರಡೂ ಕಿಡ್ನಿ ಕೈಕೊಟ್ಟವು. ಸೋಮವಾರ ಮತ್ತು ಗುರುವಾರ ಘಾಟಿಯ ಆಚೆಯ ಊರಿನ ಆಸ್ಪತ್ರೆಗೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಳ್ಳಬೇಕು. ಘಾಟಿ ಹತ್ತುವ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬರುವಾಗ ನಿಂತೇ ಬಂದು, ಒಮ್ಮೆ ತಿರುವಿನಲ್ಲಿ ಕುಸಿದು ಬಿದ್ದಿದ್ದ. ಜಯಂತಿ ಹಾಲಿನ ಕ್ಯಾನು ಸಾಗಿಸುವ ಗೂಡ್ಸ್ ಆಟೋ ಓಡಿಸುತ್ತಾಳೆ. ಗಾಡಿ ಓಡಿಸುವುದು ಅವಳಿಗೆ ಕಷ್ಟವಲ್ಲ, ಆದರೆ ಆ ಆಟೋ ಘಾಟಿ ಹತ್ತುವುದಿಲ್ಲ.

ಊರಿಗೆಲ್ಲ ಇರುವುದು ಮುರಿಗೆಪ್ಪನವರ ಷೋರೂಮ್ ಒಂದೇ. ಮುಂದೆ ಗಾಜಿನ ಗೋಡೆ, ಅದರ ಹಿಂದೆ ಕಂಪನಿ ಸಾಹೇಬರಿಗಾಗಿ ಒಂದು ಹೊಸ ಕಾರು, ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ನಮ್ಮಂಥವರಿಗಾಗಿ ಹಳೆಯವು. ಚಿದಾನಂದನನ್ನು ಮನೆಯಲ್ಲೇ ಬಿಟ್ಟು ಹೋದೆವು. ನಮ್ಮ ಅವಸರ ಮಾರುವವನಿಗೆ ಕಾಣಬಾರದು. ನಾನು ಊಟವಾದ ಹೊತ್ತು ನೋಡಿಯೇ ಹೋಗಿದ್ದೆ, ಆಗ ವ್ಯಾಪಾರಿಗೆ ತೂಕಡಿಕೆ.

ಶೆಡ್ಡಿನ ಮೂಲೆಯಲ್ಲಿದ್ದ ಬಿಳಿ ಕಾರು ಇಬ್ಬರ ಕಣ್ಣಿಗೂ ಒಟ್ಟಿಗೇ ಬಿತ್ತು. ನಾನು ಜಯಂತಿಯ ಕೈ ಚಿವುಟಿ ಅದರ ಪಕ್ಕದ ಕೆಂಪು ಕಾರಿನ ಬೆಲೆ ಕೇಳಿದೆ. ಅದಕ್ಕೆ ಮೂಗು ಮುರಿದೆ. ನೀಲಿಯದರ ಬಾಗಿಲು ತೆರೆದು ಮುಚ್ಚಿ, ಶಬ್ದ ಸರಿಯಿಲ್ಲ ಎಂದೆ. ಕೊನೆಗೆ ಹೊರಡುವವಳಂತೆ ಸೆರಗು ಹೊದ್ದುಕೊಂಡು, "ಆ ಬಿಳೀದು ಯಾವುದು, ಟೈರೆಲ್ಲ ಸವೆದಿದೆಯಲ್ಲ?" ಎಂದೆ.

"ಟೈರು ಹೊಸದು ಸುಗುಣಕ್ಕ," ಎಂದರು ಮುರಿಗೆಪ್ಪ. "ಮೂರು ಲಕ್ಷ ಆಗುತ್ತೆ."

"ಒಂದೂವರೆ. ರಿಜಿಸ್ಟ್ರೇಷನ್ನು, ಇನ್ಶೂರೆನ್ಸು ಎಲ್ಲಾ ಸೇರಿ. ಆಮೇಲೆ ಅದು ಇದು ಅಂತ ಇನ್ನೊಂದು ಚೀಟಿ ಕೊಡಬಾರದು."

ಇದು ಆಟದ ಮೊದಲ ಹೆಜ್ಜೆ. ಅವರು ಎದೆ ಮುಟ್ಟಿಕೊಂಡು ಅಯ್ಯೋ ಎನ್ನಬೇಕು, ನಾನು ಚಪ್ಪಲಿ ಹುಡುಕಬೇಕು, ಅವರು ಕಾಫಿ ತರಿಸಬೇಕು. ಮುರಿಗೆಪ್ಪ ಏನನ್ನೂ ಮಾಡಲಿಲ್ಲ. ಒಮ್ಮೆ ಕಾರಿನ ಕಡೆ ನೋಡಿದರು. ಆಮೇಲೆ, "ಆಯ್ತು," ಎಂದರು.

ಇಷ್ಟು ವರ್ಷದ ವ್ಯಾಪಾರದಲ್ಲಿ ಎದುರಿನವರು ಮೊದಲ ಮಾತಿಗೇ ಒಪ್ಪಿಕೊಂಡದ್ದಿಲ್ಲ. ಜಯಂತಿಯ ಮುಖ ಅರಳಿತ್ತು. ನಾನು ಮಾತ್ರ ಕಾರಿನ ಹಿಂಬಾಗಿಲು ತೆಗೆದೆ. ಎಡಗಡೆಯ ಸೀಟು ತಗ್ಗಾಗಿತ್ತು, ಬಹಳ ಕಾಲ ಒಬ್ಬರೇ ಕೂತು ಕೂತು ಆದ ತಗ್ಗು. ಮುಟ್ಟಿ ನೋಡಿದೆ. ಮಳೆಯಿಲ್ಲದ ತಿಂಗಳು, ತಗಡಿನ ಕೆಳಗೆ ಸುಡುಬಿಸಿಲ ಧಗೆ. ಸೀಟು ಒದ್ದೆಯಾಗಿತ್ತು.

"ಋಣ ಎಲ್ಲಿಗೆ?" ಎಂದು ಕೇಳಿದೆ.

"ಹಳೇ ಗಣಿ ಹೊಂಡಕ್ಕೆ. ಅಲ್ಲಿಂದ ಕುಂಬಾರಗೇರಿಯ ಒಂದು ಮನೆಗೆ. ಕತ್ತಲಾಗೋವರೆಗೂ ಅಲ್ಲೇ ನಿಲ್ಲುತ್ತೆ. ಯಾರಿಗೂ ತೊಂದ್ರೆ ಇಲ್ಲ."

"ಯಾವತ್ತು?"

"ಗುರುವಾರ. ಮಧ್ಯಾಹ್ನ."

ಜಯಂತಿ ನೆಲ ನೋಡಿದಳು. ಗುರುವಾರವೇ ಚಿದಾನಂದನ ಸರದಿ. ಆಸ್ಪತ್ರೆಯಲ್ಲಿ ಮೆಷಿನ್ನುಗಳು ಕಡಿಮೆ, ದಿನ ಬದಲಾಯಿಸಿಕೊಡಿ ಎಂದು ಅವಳು ಕೈಮುಗಿದು ಕೇಳಿ ಆಗಿತ್ತು. ಮುರಿಗೆಪ್ಪನವರ ದನಿ ಸ್ವಲ್ಪ ಇಳಿಯಿತು. "ಬೆಲೆ ನಂದಲ್ಲ ಅಕ್ಕ. ಯಜಮಾನರು ಹೋದ ಮೇಲೆ ಅವರ ಹೆಂಡತಿ ಹಾಲಮ್ಮ ಇಲ್ಲಿ ತರಿಸಿ ಬಿಟ್ಟಿದ್ದಾರೆ. ದುಡ್ಡು ಎಷ್ಟಾದ್ರೂ ಸರಿ, ಆದ್ರೆ ಒಂದು ಗುರುವಾರಾನೂ ತಪ್ಪಿಸಬಾರದು, ತಗೊಳ್ಳೋರು ಅವರೆದುರಿಗೆ ಮಾತು ಕೊಡಬೇಕು. ಬಂದೋರೆಲ್ಲ ಒಂದು ಸಲ ಹೋಗಿ ಬಂದು ಬೀಗದ ಕೈ ವಾಪಸ್ ಕೊಟ್ಟಿದ್ದಾರೆ."

ನೋಡದೆ ಯಾವ ಮಾಲನ್ನೂ ನಾನು ಬೇಡವೆಂದದ್ದಿಲ್ಲ. ಆ ಗುರುವಾರ ಚಿದಾನಂದನನ್ನು ಅವನ ಶಾಲೆಯ ಮೇಷ್ಟ್ರೊಬ್ಬರ ಜೊತೆ ಬಸ್ಸಿನಲ್ಲಿ ಕಳಿಸಿ ನಾವಿಬ್ಬರೂ ಷೋರೂಮಿಗೆ ಬಂದು ಕಾರಿನಲ್ಲಿ ಕೂತೆವು. ಜಯಂತಿ ಸ್ಟೀರಿಂಗ್ ಮುಂದೆ, ನಾನು ಅವಳ ಪಕ್ಕ. ಕಂಪನಿಯ ಮಧ್ಯಾಹ್ನದ ಸೈರನ್ ಕೂಗುತ್ತಿದ್ದಂತೆ ಎಂಜಿನ್ ಎದ್ದಿತು. ಊರ ಹೊರಗಿನ ಹಳೇ ಗಣಿ ರಸ್ತೆ ಹಿಡಿದು, ಬಿಳಿ ದೂಳಿನ ಜಾಲಿಗಿಡಗಳ ನಡುವೆ ಇಳಿಯುತ್ತಾ ಹೋಯಿತು.

ಗಣಿಗೆ ನೀರು ನುಗ್ಗಿದ್ದು ಜಯಂತಿಯ ಮದುವೆಯ ವರ್ಷ. ಒಂದು ಬೆಳಿಗ್ಗೆ ಕಲ್ಲಿನ ಗೋಡೆ ಒಡೆದು, ಸಂಜೆಯ ಹೊತ್ತಿಗೆ ಗಣಿಯೇ ಹೊಂಡವಾಗಿತ್ತು. ತಳದಲ್ಲಿದ್ದ ತೂಕದ ಆಫೀಸಿನಿಂದ ಯಾರೂ ಮೇಲೆ ಬರಲಿಲ್ಲ. ನೀರು ಈಗಲೂ ಹಾಲಿನಂತೆ ಬೆಳ್ಳಗಿದೆ. ರಸ್ತೆ ನೇರವಾಗಿ ಅದರೊಳಗೆ ಇಳಿದು ಮುಳುಗುತ್ತದೆ. ಕಾರು ನೀರಿನ ಅಂಚಿಗೆ ಹೋಗಿ ನಿಂತಿತು. ಹಾರನ್ ತಾನಾಗಿ ಮೆಲ್ಲನೆ ಎರಡು ಸಲ ಕೂಗಿತು, ಮನೆಯವರನ್ನು ಕರೆಯುವಾಗ ಮಾಡುವ ಹಾಗೆ.

ಗಾಳಿ ಇರಲಿಲ್ಲ. ನೀರು ಅಲುಗಲೂ ಇಲ್ಲ. ಆದರೆ ಹಿಂದಿನ ಎಡಬಾಗಿಲು ತೆರೆದುಕೊಂಡಿತು, ಕಾರು ಹಿಂದಕ್ಕೆ ಸ್ವಲ್ಪ ವಾಲಿತು, ಬಾಗಿಲು ಮುಚ್ಚಿತು. ಹಸಿ ಸುಣ್ಣದ ವಾಸನೆ ಒಳಗೆಲ್ಲ ತುಂಬಿಕೊಂಡಿತು. ಜಯಂತಿಯ ಕೈ ನನ್ನ ಮಂಡಿಯನ್ನು ಹಿಡಿದಿತ್ತು. ಕನ್ನಡಿಯಲ್ಲಿ ನೋಡುವ ಧೈರ್ಯ ಇಬ್ಬರಿಗೂ ಬರಲಿಲ್ಲ.

ಕುಂಬಾರಗೇರಿಯಲ್ಲಿ ಹಾಲಮ್ಮ ಬಾಗಿಲು ತೆರೆದು ನಿಂತಿದ್ದರು. ತಲೆ ಪೂರ್ತಿ ನರೆತ, ಎತ್ತರದ ಹೆಂಗಸು. ಕಾರಿನ ಬಾಗಿಲು ತೆರೆದಾಗ ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. "ಬಿಸಿಲಲ್ಲಿ ಬಂದೆಯಾ? ಒಳಗೆ ನಡಿ, ನೀರು ಕಾದಿದೆ," ಎಂದರು. ನಮಗಲ್ಲ. ಹೊಸ್ತಿಲಿನಿಂದ ನಡುಮನೆಯ ಚಾಪೆಯವರೆಗೆ ಒದ್ದೆ ಹೆಜ್ಜೆಗಳು ಮೂಡಿದವು. ಆಮೇಲಷ್ಟೇ ಅವರು ನಮ್ಮ ಕಡೆ ತಿರುಗಿ ಮಣೆ ಹಾಕಿದರು.

"ನನ್ನ ಮಗಳು, ನಳಿನಿ," ಎಂದರು. "ಗುರುವಾರ ಗಣಿ ಆಫೀಸಿಗೆ ಅರ್ಧ ದಿನ. ಅವರಪ್ಪನೇ ಹೋಗಿ ಕರ್ಕೊಂಡು ಬರೋರು. ಗಣಿಗೆ ನೀರು ನುಗ್ಗಿದ ಮೇಲೂ ಹೋಗೋದು ಬಿಡಲಿಲ್ಲ. ಈಗ ಅವರೂ ಇಲ್ಲ. ನನಗೆ ಗಾಡಿ ಬಿಡೋಕೆ ಬರಲ್ಲ. ಇಲ್ಲಿವರೆಗೂ ಕೂಲಿ ಕೊಟ್ಟು ಯಾರನ್ನಾದ್ರೂ ಕೂರಿಸ್ತಿದ್ದೆ. ಒಂದು ವಾರ ಬಂದವರು ಇನ್ನೊಂದು ವಾರ ಬರಲ್ಲ."

ಜಯಂತಿ ಗಂಡನ ವಿಷಯ ಹೇಳಿದಳು. ಹಾಲಮ್ಮ ಪೂರ್ತಿ ಕೇಳಿಸಿಕೊಂಡರು. "ಆ ಊರಿನ ಆಸ್ಪತ್ರೆಗಾ?" ಎಂದರು. "ಇವಳೂ ಅಲ್ಲಿಗೆ ಹೋಗ್ತೀನಿ, ನರ್ಸ್ ಕೆಲಸ ಕಲೀತೀನಿ ಅಂತಿದ್ಲು. ಒಬ್ಬಳೇ ಮಗಳು, ಕಣ್ಣೆದುರಿಗಿರ್ಲಿ ಅಂತ ನಾನೇ ಗಣಿ ಆಫೀಸಿಗೆ ಸೇರಿಸ್ದೆ. ಒಂದು ಮಾತು ಎದುರಾಡಲಿಲ್ಲ." ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ ತಾಯಿ. ಆದ್ರೆ ಗುರುವಾರ ಬಿಟ್ಟುಕೊಡೋಕೆ ನನ್ನ ಕೈಲಿ ಆಗಲ್ಲ," ಎಂದರು.

ನಾನು ಚೌಕಾಸಿಗೆ ಬಾಯಿ ತೆರೆದೆ. ಬೆಲೆ ಹೆಚ್ಚಿಸುತ್ತೇವೆ ಎನ್ನಬಹುದಿತ್ತು, ಆದರೆ ಅವರಿಗೆ ಬೇಕಾಗಿದ್ದದ್ದು ದುಡ್ಡಲ್ಲ. ನನ್ನ ಗಂಟಿನಲ್ಲಿ ಬೇರೆ ಏನೂ ಇರಲಿಲ್ಲ. ಕತ್ತಲಾಗುವವರೆಗೆ ಅಲ್ಲೇ ಕೂತು, ಕಾರನ್ನು ಮುರಿಗೆಪ್ಪನವರಿಗೆ ಒಪ್ಪಿಸಿ ಬಂದೆವು.

ಮುಂದಿನ ಸೋಮವಾರ ಆಸ್ಪತ್ರೆಯ ಮೆಷಿನ್ ಕೆಟ್ಟು ಚಿದಾನಂದ ಹಾಗೇ ವಾಪಸ್ಸು ಬಂದ. ಬುಧವಾರದ ಹೊತ್ತಿಗೆ ಕಾಲು ಬಾತುಕೊಂಡು ಚಪ್ಪಲಿ ಹಿಡಿಸದಾಯಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಗುರುವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಬಂದರೆ ಬಸ್ಸೇ ಇಲ್ಲ. ಘಾಟಿಯಲ್ಲಿ ಸುಣ್ಣದ ಕಲ್ಲಿನ ಲಾರಿ ಮಗುಚಿ ಬಿದ್ದು, ಸಣ್ಣ ಗಾಡಿಗಳಿಗೆ ಮಾತ್ರ ದಾರಿ ಇತ್ತು. ಕಂಪನಿಯ ಆಂಬುಲೆನ್ಸ್ ಅಲ್ಲಿಗೇ ಹೋಗಿತ್ತು. ಡಾಕ್ಟರು ಕಾರಿನಲ್ಲಿ ಯಾವುದೋ ಮದುವೆಗೆ ಹೋಗಿದ್ದರು. ಗುರುಬಸಯ್ಯನವರ ಕಾರು ಗ್ಯಾರೇಜಿನಲ್ಲಿ ಬಿಚ್ಚಿಕೊಂಡು ಬಿದ್ದಿತ್ತು. ಇನ್ನು ಯಾರ ಯಾರ ಮನೆ ಬಾಗಿಲು ತಟ್ಟಿದೆವೋ ನೆನಪಿಲ್ಲ. ಮುರಿಗೆಪ್ಪನವರ ಷೋರೂಮ್ ತಲುಪುವ ಹೊತ್ತಿಗೆ ಮಧ್ಯಾಹ್ನ ಹತ್ತಿರವಾಗಿತ್ತು.

"ಹೊಸದನ್ನ ಸಾಹೇಬರು ತಗೊಂಡು ಹೋದ್ರು. ಬಿಳೀದು ಬಿಟ್ಟು ಬೇರೆ ಯಾವುದೂ ಘಾಟಿ ಹತ್ತೋ ಸ್ಥಿತೀಲಿಲ್ಲ ಅಕ್ಕ," ಎಂದರು ಅವರು. "ಈಗ ಹೊರಟರೂ ಸೈರನ್ ಆದ ತಕ್ಷಣ ಅದು ಹೊಂಡಕ್ಕೆ ತಿರುಗುತ್ತೆ. ತಡೀಬೇಡಿ. ತಡೆದ್ರೆ ಕಾರೂ ಹೋಯ್ತು, ಆ ಹೆಂಗಸಿನ ಜೀವಾನೂ ಹೋಯ್ತು."

"ತಡೆಯಲ್ಲ," ಎಂದೆ. "ನಾನು ಮಾತಾಡ್ತೀನಿ."

"ಯಾರ ಹತ್ರ?"

ಚಿದಾನಂದನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಜಯಂತಿಗೆ ಸ್ಟೀರಿಂಗ್ ಬಿಟ್ಟು, ನಾನು ಹಿಂದೆ ಬಲಗಡೆ ಕೂತೆ.

ಹೊಂಡದ ಅಂಚಿನಲ್ಲಿ ಹಾರನ್ ಕೂಗಿದಾಗ ನಾನು ಕಣ್ಣು ಮುಚ್ಚಿಕೊಳ್ಳಲಿಲ್ಲ. ನೋಡಲು ಏನೂ ಇರಲಿಲ್ಲ ಎಂಬುದೇ ಹೆಚ್ಚು ಭಯ. ಬಾಗಿಲು ತೆರೆಯಿತು. ನನ್ನ ಪಕ್ಕದ ಸೀಟು ಕುಸಿಯಿತು. ರೆಕ್ಸಿನ್ನಿನ ಮೇಲೆ ಬಿಳಿ ನೀರು ಜಿನುಗಿ ನನ್ನ ಸೀರೆಯವರೆಗೆ ಹರಿಯಿತು. ತಣ್ಣಗಿತ್ತು, ಬಾವಿಯ ತಳದ ನೀರಿನ ಹಾಗೆ. ಕಾರು ಊರ ಕಡೆ ತಿರುಗಿತು.

"ನೋಡಮ್ಮ ನಳಿನಿ," ಎಂದೆ. "ನಾನು ಬಸ್ ಸ್ಟ್ಯಾಂಡ್ ಎದುರಿನ ಪಾತ್ರೆ ಅಂಗಡಿ ಸುಗುಣ. ನಿನಗೆ ಪರಿಚಯ ಇರ್ಬೇಕು. ಒಂದು ಮಾತು ಕೇಳ್ತೀನಿ. ಗುರುವಾರದ ಬದಲು ಬುಧವಾರ ಬರ್ತೀವಿ. ಅರ್ಧ ದಿನ ಅಲ್ಲ, ಬೆಳಿಗ್ಗೆಯಿಂದ ಸಾಯಂಕಾಲದವರೆಗೂ."

ಜಾಲಿಗಿಡಗಳು ಹಿಂದೆ ಸರಿಯುತ್ತಿದ್ದವು.

"ವಾರಕ್ಕೆ ಎರಡು ದಿನ ಬರ್ತೀವಿ. ಮಂಗಳವಾರ, ಬುಧವಾರ." ಎದುರಿನವರು ಬಾಯಿ ಬಿಡುವ ಮೊದಲು ನಮ್ಮ ಮಾತನ್ನು ನಾವೇ ಏರಿಸಬಾರದು, ಇದು ವ್ಯಾಪಾರದ ಮೊದಲ ಪಾಠ. ಅದನ್ನು ಮರೆತು ಏರಿಸುತ್ತಲೇ ಹೋದೆ. "ಹಬ್ಬದ ದಿನಾನೂ ಬರ್ತೀವಿ. ಇವತ್ತೊಂದು ದಿನ ಬಿಟ್ಟುಕೊಡು ಸಾಕು. ಇವತ್ತೊಂದೇ ದಿನ."

ನೀರು ಹಾಗೇ ಜಿನುಗುತ್ತಿತ್ತು. ಮುಂದೆ ಚಿದಾನಂದ ಬಾಯಿಂದ ಉಸಿರು ಎಳೆಯುತ್ತಿದ್ದ. ಜಯಂತಿ ಸದ್ದಿಲ್ಲದೆ ಅಳುತ್ತಿದ್ದಳು, ಅವಳ ಕೈ ಸ್ಟೀರಿಂಗಿನ ಮೇಲೆ ಸುಮ್ಮನೆ ಬಿದ್ದಿತ್ತು. ಎದುರಿಗೆ ನಾಲ್ಕು ದಾರಿ ಕೂಡುವ ಜಾಗ ಕಾಣಿಸಿತು. ಎಡಕ್ಕೆ ಹೋದರೆ ಕುಂಬಾರಗೇರಿ, ಬಲಕ್ಕೆ ಘಾಟಿ.

"ಅಕ್ಕ," ಎಂದ ಚಿದಾನಂದ, ತಿರುಗದೆಯೇ. "ನೀನು ಕೊಡೋದನ್ನೇ ಹೇಳ್ತಾ ಇದ್ದೀಯ. ಆ ಹುಡುಗಿಗೆ ಏನು ಬೇಕು ಅಂತ ಕೇಳಿದ್ಯಾ?"

ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಹಾಲಮ್ಮನ ಮನೆಯ ನಡುಮನೆ, ಚಾಪೆಯವರೆಗೆ ಹೋಗಿ ನಿಂತ ಹೆಜ್ಜೆಗಳು, ಒಂದು ಮಾತು ಎದುರಾಡಲಿಲ್ಲ ಎಂದ ಆ ತಾಯಿಯ ಮುಖ, ಎಲ್ಲ ಒಟ್ಟಿಗೆ ನೆನಪಾದವು. ಒದ್ದೆ ಸೀಟಿನ ಮೇಲೆ ಕೈಯಿಟ್ಟು ಹೇಳಿದೆ. "ನಾವು ಘಾಟಿ ಆಚೆ ಊರಿಗೆ ಹೋಗಬೇಕು ಕಣಮ್ಮ. ಆಸ್ಪತ್ರೆಗೆ. ನೀನು ಮನೆಗೆ ಹೋಗಬೇಕು ಅಂದ್ರೆ ಹೋಗೋಣ, ಇನ್ನು ಒತ್ತಾಯ ಮಾಡಲ್ಲ. ನಮ್ಮ ಜೊತೆ ಬರೋ ಮನಸ್ಸಿದ್ರೆ ಬಾ. ನಿನಗೇನು ಬೇಕು?"

ನಾಲ್ಕು ದಾರಿಯ ನಡುವೆ ಕಾರು ನಿಂತಿತು. ಋಣದ ಕಾರು ನಡುದಾರಿಯಲ್ಲಿ ನಿಂತದ್ದನ್ನು ನಮ್ಮೂರಲ್ಲಿ ಯಾರೂ ಕಂಡಿರಲಾರರು. ಪಂಕ್ಚರ್ ಅಂಗಡಿಯವನು ಎದ್ದು ನಿಂತು ನೋಡಿದ. ಅವಳ ಪಕ್ಕದ ಗಾಜು, ಯಾರೋ ಹಿಡಿ ತಿರುಗಿಸಿದ ಹಾಗೆ, ಕಿರ್ ಕಿರ್ ಎನ್ನುತ್ತಾ ಕೆಳಗಿಳಿಯಿತು. ಹೊರಗಿನ ಗಾಳಿ ಒಳಬಂತು. ಆಮೇಲೆ ಕಾರು ಬಲಕ್ಕೆ ತಿರುಗಿತು.

ಘಾಟಿಯ ಉದ್ದಕ್ಕೂ ಜಯಂತಿ ಸ್ಟೀರಿಂಗ್ ಬಿಗಿಯಾಗಿ ಹಿಡಿದಿದ್ದಳು, ಆದರೆ ತಿರುವುಗಳನ್ನು ತೆಗೆದುಕೊಳ್ಳುತ್ತಿದ್ದದ್ದು ಅವಳಲ್ಲ. ಮಗುಚಿದ ಲಾರಿಯ ಪಕ್ಕದ ಕಿರುದಾರಿಯಲ್ಲಿ ಕಾರು ಒಂದು ಕಲ್ಲನ್ನೂ ತಾಗಿಸದೆ ನುಸುಳಿತು. ಪ್ರತಿ ತಿರುವಿನಲ್ಲೂ ಕಿಟಕಿಯ ಅಂಚಿನ ಮೇಲೆ ಒದ್ದೆಯ ಕಲೆಯೊಂದು ಕಾಣಿಸುತ್ತಿತ್ತು, ಯಾರೋ ಮೊಣಕೈ ಊರಿ ಹೊರಗೆ ನೋಡುತ್ತಿರುವ ಹಾಗೆ. ಒಮ್ಮೆ ಚಿದಾನಂದ, ಶಾಲೆಯ ಮಕ್ಕಳಿಗೆ ಹೇಳುವ ದನಿಯಲ್ಲಿ, "ಕಾಲು ಚಾಚಿ ಕೂತ್ಕೊಮ್ಮ, ಇನ್ನೂ ದೂರ ಇದೆ," ಎಂದ.

ಆಸ್ಪತ್ರೆಯ ಗೇಟಿನ ಮುಂದೆ ಕಾರು ನಿಂತಿತು. ನಾವು ಚಿದಾನಂದನನ್ನು ಇಳಿಸುವ ಮೊದಲೇ ಹಿಂದಿನ ಬಾಗಿಲು ತೆರೆಯಿತು. ಸೀಟು ಮೇಲೆದ್ದಿತು. ಅಷ್ಟು ವರ್ಷದ ತಗ್ಗು ನನ್ನ ಕಣ್ಣೆದುರಿಗೇ ತುಂಬಿಕೊಂಡಿತು. ಸಿಮೆಂಟಿನ ಮೇಲೆ ಒದ್ದೆ ಹೆಜ್ಜೆಗಳು ಗೇಟಿನ ಒಳಗೆ ಹೋದವು. ಹೂವಿನವಳ ಬುಟ್ಟಿಯನ್ನು ಸುತ್ತಿ ಬಳಸಿ, ಸರದಿಗೆ ಕಾದಿದ್ದ ಜನರ ಕಾಲುಗಳ ನಡುವೆ ಹೋಗಿ, ಆಮೇಲೆ ಕಾಣಲಿಲ್ಲ. ನಡಿಗೆ ಅವಸರದ್ದಾಗಿತ್ತು, ಹೆಜ್ಜೆಗಳ ಮುಂಭಾಗ ಮಾತ್ರ ಒತ್ತಿತ್ತು.

ಚಿದಾನಂದನನ್ನು ಆ ರಾತ್ರಿ ಅಲ್ಲೇ ಇಟ್ಟುಕೊಂಡರು. ಬೆಳಿಗ್ಗೆ ಅವನು ಮಲಗಿ ನಿದ್ದೆ ಮಾಡುತ್ತಿದ್ದ, ಎಷ್ಟೋ ದಿನದ ಮೇಲೆ. ನಾವು ಅವನನ್ನು ಕರೆದುಕೊಂಡು ಊರಿಗೆ ಬಂದಾಗ ಕಾರು ಜಯಂತಿ ತಿರುಗಿಸಿದ ಕಡೆ ತಿರುಗಿತು. ಅವರಿಬ್ಬರನ್ನು ಮನೆಯಲ್ಲಿ ಬಿಟ್ಟು ನಾನೊಬ್ಬಳೇ ಕುಂಬಾರಗೇರಿಗೆ ನಡೆದೆ. ಹಾಲಮ್ಮ ಬಾಗಿಲಲ್ಲೇ ಕೂತಿದ್ದರು. ರಾತ್ರಿಯಿಡೀ ಅಲ್ಲೇ ಇದ್ದರೆಂದು ಕಣ್ಣು ಹೇಳುತ್ತಿತ್ತು. ನಡೆದದ್ದನ್ನು ನಡೆದ ಹಾಗೆ ಹೇಳಿದೆ.

"ನನ್ನ ಮಗಳನ್ನ ಪರ ಊರಿನ ಬೀದೀಲಿ ಇಳಿಸಿ ಬಂದೆಯಾ?" ಎಂದರು. ದನಿ ಏರಲಿಲ್ಲ. "ವಾರಕ್ಕೆ ಒಂದು ಸಂಜೆ ನನ್ನ ಪಾಲಿಗಿತ್ತು. ಅದನ್ನೂ ಚೌಕಾಸಿ ಮಾಡಿ ತಗೊಂಡೆ. ನಡಿ ಇಲ್ಲಿಂದ. ಆ ಕಾರು ನಿಮಗೆ ಕೊಡಲ್ಲ."

ನಾನು ಎದ್ದು ಬಂದೆ. ಕಾರನ್ನು ಜಯಂತಿ ಅದೇ ಮಧ್ಯಾಹ್ನ ಷೋರೂಮಿಗೆ ಬಿಟ್ಟಳು. ಬಸ್ಸು ಮತ್ತೆ ಓಡತೊಡಗಿತು. ಸೋಮವಾರ ಚಿದಾನಂದ ಮತ್ತೆ ಬಸ್ಸು ಹತ್ತಿದ.

ಮುಂದಿನ ಗುರುವಾರ ಮುರಿಗೆಪ್ಪ ಅಂಗಡಿಗೆ ಆಳು ಕಳಿಸಿದರು. ನಾನು ಹೋದಾಗ ಹಾಲಮ್ಮ ತಗಡಿನ ಶೆಡ್ಡಿನಲ್ಲಿ ಬಿಳಿ ಕಾರಿನ ಎದುರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನನ್ನ ಕಡೆ ನೋಡಲಿಲ್ಲ. ಸೈರನ್ ಕೂಗಿತು. ಎಲ್ಲರೂ ಎಂಜಿನ್ ಶಬ್ದಕ್ಕೆ ಕಿವಿಗೊಟ್ಟೆವು. ತಗಡಿನ ಮೇಲೆ ಒಂದು ಕಾಗೆ ನಡೆದಾಡಿತು. ಕಾರು ಏಳಲಿಲ್ಲ. ಮುರಿಗೆಪ್ಪ ಬೀಗದ ಕೈ ಹಾಕಿ ನೋಡಿದರು, ತಕ್ಷಣ ಎದ್ದಿತು. ಆರಿಸಿದರು. ಮತ್ತೆ ಸುಮ್ಮನಾಯಿತು. ಹಾಲಮ್ಮ ಹಿಂಬಾಗಿಲು ತೆಗೆದು ಎಡಗಡೆಯ ಸೀಟನ್ನು ಅಂಗೈಯಿಂದ ಸವರಿದರು. ಒಣಗಿತ್ತು.

"ಋಣ ತೀರಿದ ಕಾರು!" ಎಂದರು ಮುರಿಗೆಪ್ಪ. "ಹಾಲಮ್ಮ, ಇಂಥದ್ದು ನಾನು ನೋಡೇ ಇಲ್ಲ. ಇದಕ್ಕೆ ಹೊಸ ಕಾರಿನ ಬೆಲೆ ಬರುತ್ತೆ. ಕಂಪನಿ ಸಾಹೇಬರೇ ಕ್ಯೂ ನಿಲ್ತಾರೆ."

"ಇವರಿಗೆ ಎಷ್ಟು ಅಂದಿದ್ರಿ?"

"ಒಂದೂವರೆ. ಆದ್ರೆ ಆಗ..."

"ಅಂದ ಮೇಲೆ ಅಷ್ಟೇ," ಎಂದರು ಹಾಲಮ್ಮ. ಮುರಿಗೆಪ್ಪ ಏನೋ ಗೊಣಗುತ್ತಾ ಕಾಗದ ತರಲು ಒಳಗೆ ಹೋದರು.

ನಾವಿಬ್ಬರೇ ಉಳಿದೆವು. ಅವರು ಕೈಯನ್ನು ಇನ್ನೂ ಸೀಟಿನ ಮೇಲೆಯೇ ಇಟ್ಟಿದ್ದರು. "ಒಂದು ಕೇಳ್ತೀನಿ," ಎಂದರು. "ಇಳಿದು ಹೋದಳಲ್ಲ, ಒಂದು ಸಲ ಏನಾದ್ರೂ ತಿರುಗಿ ನೋಡಿದ್ಲಾ?"

ದಿನಕ್ಕೆ ಹತ್ತು ಸಲ, ಈ ಪಾತ್ರೆ ತಗ್ಗು ಬೀಳುವುದೇ ಇಲ್ಲ ಎಂದು ಹೇಳುವವಳು ನಾನು. ಹೂಂ, ನೋಡಿದಳು ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಆ ಹೆಂಗಸಿನ ಮುಖ ನೋಡಿ ಅದನ್ನು ನುಂಗಿಕೊಂಡೆ. "ಇಲ್ಲ," ಎಂದೆ. "ಬೇಗ ಬೇಗ ನಡ್ಕೊಂಡು ಹೋದ್ಲು."

ಹಾಲಮ್ಮ ಸೀಟಿನಿಂದ ಕೈ ತೆಗೆದರು. ಆಮೇಲೆ ಕಾರಿನ ಬಾಗಿಲನ್ನು ಮೆಲ್ಲಗೆ ಮುಚ್ಚಿದರು. "ಹಂಗಾದ್ರೆ ಹೋಗಬೇಕು ಅಂತಾನೇ ಇತ್ತು ಅವಳಿಗೆ. ಇಷ್ಟು ವರ್ಷ ನನ್ನ ಮುಖ ನೋಡಿ ಬರ್ತಿದ್ಲು." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ನಿಮಗೆ ಭಾರ ಆಗದಿದ್ರೆ ನನ್ನನ್ನೂ ಒಂದು ಸಲ ಆ ಊರಿಗೆ ಕರ್ಕೊಂಡು ಹೋಗಿ. ನಾನು ಘಾಟಿ ದಾಟಿದವಳೇ ಅಲ್ಲ."

ಅದರ ಮುಂದಿನ ಗುರುವಾರ ಅವರು ನಮ್ಮ ಜೊತೆ ಬಂದರು. ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ರೊಟ್ಟಿಯ ಗಂಟು. ಚಿದಾನಂದ ಅವರಿಗೆ ದಾರಿಯುದ್ದಕ್ಕೂ ಒಂದೊಂದು ಊರಿನ ಹೆಸರು ಹೇಳಿದ. ಅವನು ಒಳಗೆ ಮೆಷಿನ್ನಿನ ಕೊಠಡಿಗೆ ಹೋದ ಮೇಲೆ ಹಾಲಮ್ಮ ಗೇಟಿನ ಬಳಿ ಸ್ವಲ್ಪ ಹೊತ್ತು ನಿಂತಿದ್ದರು. ಜಯಂತಿ ಜೊತೆಗೆ ಬರಲೇ ಎಂದಳು. ಬೇಡ ಎಂದು ಕೈಯಾಡಿಸಿ ಜನರ ನಡುವೆ ಒಬ್ಬರೇ ನಡೆದರು. ಎತ್ತರದ ಹೆಂಗಸಾದ್ದರಿಂದ ಆ ಬಿಳಿ ತಲೆ ಆಸ್ಪತ್ರೆಯ ಉದ್ದನೆಯ ಓಣಿಯ ಕೊನೆಯವರೆಗೂ ಕಾಣುತ್ತಿತ್ತು. ಆಮೇಲೆ ಎತ್ತಲೋ ತಿರುಗಿದರು.

ಚಿದಾನಂದ ಹೊರಗೆ ಬಂದು, ಟೀ ಕುಡಿದು, ಕಾರಿನಲ್ಲಿ ಕೂತೂ ಆಯಿತು. ಹಾಲಮ್ಮ ಬರಲಿಲ್ಲ. ಹುಡುಕಲು ಹೋಗೋಣವೇ ಎಂದು ನಾನೂ ಜಯಂತಿಯೂ ಇಳಿಯುವಷ್ಟರಲ್ಲಿ ಅದೇ ಓಣಿಯಿಂದ ಬರುವುದು ಕಾಣಿಸಿತು. ನಿಧಾನವಾಗಿ ನಡೆದು ಬಂದು ಕಾರು ಹತ್ತಿ ಕೂತರು. ಕೈಯಲ್ಲಿ ರೊಟ್ಟಿಯ ಗಂಟು ಇರಲಿಲ್ಲ. ಇಸ್ತ್ರಿ ಸೀರೆಯ ಎಡ ಭುಜ ಪೂರ್ತಿ ಒದ್ದೆಯಾಗಿತ್ತು, ಯಾರೋ ಅದರ ಮೇಲೆ ತಲೆಯಿಟ್ಟು ತೆಗೆದ ಹಾಗೆ. ಹಸಿ ಸುಣ್ಣದ ವಾಸನೆ ಬಂತು.

ಜಯಂತಿ ತಡೆಯಲಾರದೆ ಕೇಳಿದಳು. "ಸಿಕ್ಕಿದ್ಲಾ ಅಮ್ಮ?"

"ಹೂಂ," ಎಂದರು ಹಾಲಮ್ಮ. "ಡ್ಯೂಟಿ ಮೇಲಿದ್ಲು. ಜಾಸ್ತಿ ಹೊತ್ತು ಮಾತಾಡೋಕಾಗಲಿಲ್ಲ."